ರಕ್ಷಾ ಯಾರ ಕಡೆ ತಿರುಗಿದಳು

ಜಗಳೂರು
16 ಜೂನ್ 2024

ಸಾವಂತ್ರಮ್ಮ ಟೀಚರ್ ಅವರಿಗೆ,

ನಮಸ್ಕಾರ. ಫೋನಿನಲ್ಲಿ ನನ್ನದು ಪೊಲೀಸ್ ದನಿ, ಅಂಗನವಾಡಿಯ ಮಕ್ಕಳು ಬೆಚ್ಚುತ್ತವೆ, ಹೇಳುವುದಿದ್ದರೆ ಬರೆದು ಕಳಿಸಿ ಅಂತ ಹೇಳಿ ಕಟ್ ಮಾಡಿದಿರಿ. ಸರಿ, ಬರೆದು ಅಂಚೆಗೆ ಹಾಕಿದ್ದೇನೆ. ಕಾಗದದಲ್ಲೂ ದನಿ ಜೋರಾಗಿ ಕೇಳಿಸಿದರೆ ಅದಕ್ಕೆ ನಾನು ಹೊಣೆಯಲ್ಲ.

ಮೊನ್ನೆ ಎರಡು ದಿನ ರಜೆ ಸಿಕ್ಕಿತು ಅಂತ ಸಂತೇಬೆನ್ನೂರಿಗೆ ಓಡಿ ಬಂದೆ. ರಕ್ಷಾ ಪಡಸಾಲೆಯಲ್ಲಿ ಡಬ್ಬಿ ಜೋಡಿಸುತ್ತಾ ಕೂತಿದ್ದಳು. ಬಾಗಿಲಲ್ಲಿ ನಿಂತು ಕರೆದೆ. ತಿರುಗಲಿಲ್ಲ. ಬಾಯಿ ತುಂಬಾ ಕರೆದೆ. ಡಬ್ಬಿಯ ಮೇಲೆ ಡಬ್ಬಿ ಇಡುತ್ತಲೇ ಇದ್ದಳು. ನಮ್ಮ ಅತ್ತೆ ಅಂಜಿನಮ್ಮ ಒಳಗಿಂದ ಬಂದು, "ಸಿಟ್ಟು ಐತೆ ಅದಕ್ಕೆ ನಿನ್ ಮ್ಯಾಲೆ. ತಿಂಗಳಿಗೊಂದ್ಸಲ ಮುಖ ತೋರಿಸಿದ್ರೆ ಕೂಸು ಹೆಂಗೆ ಬರ್ತೈತೆ?" ಅಂದರು. ನಾನೇನು ಇಲ್ಲಿ ಮಜಾ ಮಾಡಲು ಕೂತಿದ್ದೇನೆಯೇ? ಠಾಣೆಯ ಕೆಲಸ, ಇಂದು ಹಗಲು ಪಾಳಿ, ನಾಳೆ ರಾತ್ರಿ ಪಾಳಿ. ಮಗುವನ್ನು ಯಾರ ಕೈಗೆ ಕೊಟ್ಟು ಹೋಗಲಿ? ನಮ್ಮ ಯಜಮಾನರು ಭೀಮೇಶ್ ಬೆಳಗಾದರೆ ಕತ್ತಲಗೆರೆಗೆ ಟ್ರ್ಯಾಕ್ಟರ್ ಓಡಿಸಲು ಹೋಗುತ್ತಾರೆ. ಅದಕ್ಕೇ ಅವಳು ಅಜ್ಜಿಯ ಹತ್ತಿರ, ನಿಮ್ಮ ಹತ್ತಿರ ಇರುವುದು.

ಮಾರನೆ ದಿನ ನಾನೇ ಅವಳನ್ನು ನಿಮ್ಮ ಬಾಗಿಲಿಗೆ ಕರೆತಂದೆ. ನೀವು ಒಳಗಿಂದ ಮುಖ ಎತ್ತಿದಿರಿ, ನಾನು ಅವಳ ಚಪ್ಪಲಿ ಬಿಚ್ಚಲು ಬಗ್ಗಿದೆ, ಅಷ್ಟೇ. ನನ್ನ ಕೈ ಕೊಡವಿಕೊಂಡು ಓಡಿದಳು. ತಿರುಗಿ ಒಂದು ಸಲ ನೋಡಬೇಡವೇ? ಏನು ಮಾಡಿದ್ದೀರಿ ಟೀಚರ್ ನನ್ನ ಮಗಳಿಗೆ?

ಮೂರು ತುಂಬಿದೆ, ಬಾಯಲ್ಲಿ ಇನ್ನೂ ಒಂದು ಮಾತಿಲ್ಲ. "ಅವರಪ್ಪನೂ ಐದಕ್ಕೇ ಮಾತಾಡಿದ್ದು" ಅನ್ನುತ್ತಾರೆ ಅತ್ತೆ. ತಡವಾದರೆ ಆಗಲಿ. ಆದರೆ ಮಾತು ಬಂದ ದಿನ ಅವಳು ಅವ್ವ ಅಂತ ಮೊದಲು ನಿಮ್ಮನ್ನು ಕರೆದರೆ ನಾನು ಸುಮ್ಮನಿರುವವಳಲ್ಲ. ಈಗಲೇ ಹೇಳಿದ್ದೇನೆ.

ಇಂತಿ,
ರಕ್ಷಾಳನ್ನು ಹೆತ್ತವಳು,
ದುರ್ಗಾಂಬಿಕಾ


ಸಂತೇಬೆನ್ನೂರು
24 ಜೂನ್ 2024

ರಕ್ಷಾಳ ತಾಯಿಯವರಿಗೆ,

ನಿಮ್ಮ ಕಾಗದವನ್ನು ಮಕ್ಕಳು ಮಲಗಿದ ಮೇಲೆ ಓದಿದೆ. ದನಿ ಚೆನ್ನಾಗಿಯೇ ಕೇಳಿಸಿತು.

ಏನು ಮಾಡಿದ್ದೀರಿ ಅಂತ ಕೇಳಿದ್ದೀರಿ. ಮೂಗು ಒರೆಸಿದ್ದೇನೆ. ಚಡ್ಡಿ ಬದಲಿಸಿದ್ದೇನೆ. ಮೊಟ್ಟೆಯ ಹಳದಿ ಬೇಡ ಅಂತ ತಲೆ ಆಡಿಸಿದರೆ ಬಿಳಿಯದನ್ನು ಮುರಿದು ತಿನ್ನಿಸಿದ್ದೇನೆ. ಮಗು ಪ್ರೀತಿ ಇದ್ದ ಕಡೆಗೆ ತಿರುಗುತ್ತದೆ. ಅದಕ್ಕೆ ನಾನು ಮಾಟ ಮಂತ್ರ ಮಾಡಬೇಕಾಗಿಲ್ಲ.

ಮಾತಿನ ಚಿಂತೆಯನ್ನೂ ಬಿಡಿ. ಫೆಬ್ರುವರಿಯಲ್ಲಿ ತಪಾಸಣೆಯ ಡಾಕ್ಟರು ಜೀಪಿನಲ್ಲಿ ಬಂದಿದ್ದರು. ಪ್ರತಿ ಮಗುವಿನ ತೂಕ, ಕಣ್ಣು, ಹಲ್ಲು, ಕಿವಿ ನೋಡಿದರು. ರಕ್ಷಾಳದು ಎಲ್ಲ ಸರಿ ಅಂತ ಬರೆದು ಹೋದರು. ನನ್ನ ಕೇಂದ್ರದ ಮಗು ತಪಾಸಣೆಯಲ್ಲಿ ಹಿಂದೆ ಬಿದ್ದದ್ದು ಇದುವರೆಗೆ ಇಲ್ಲ. ಬೇಕಾದರೆ ನಮ್ಮ ಮೇಲ್ವಿಚಾರಕಿಯನ್ನು ಕೇಳಿ.

ತಿಂಗಳಿಗೊಮ್ಮೆ ತಾಯಂದಿರ ಸಭೆ ಇರುತ್ತದೆ. ಕೂಲಿಗೆ ಹೋಗುವವರು ಅರ್ಧ ದಿನ ಬಿಟ್ಟು ಬಂದು ಕೂರುತ್ತಾರೆ. ನಿಮ್ಮನ್ನು ಒಂದು ಸಲವೂ ಕಂಡಿಲ್ಲ.

ಇಂತಿ,
ಸಾವಂತ್ರಮ್ಮ
ಅಂಗನವಾಡಿ ಕಾರ್ಯಕರ್ತೆ


ಜಗಳೂರು
7 ಜುಲೈ 2024

ಟೀಚರ್ ಅವರಿಗೆ,

ಬರುತ್ತೇನೆ. ಸಭೆಗಲ್ಲ. ಬೆಳಿಗ್ಗೆ ನೀವು ಬೀಗ ತೆಗೆದಾಗಿನಿಂದ ಹಾಕುವವರೆಗೆ ಮೂಲೆಯಲ್ಲಿ ಕೂತಿರುತ್ತೇನೆ. ನನ್ನ ಮಗಳನ್ನು ಹೇಗೆ ಒಲಿಸಿಕೊಂಡಿದ್ದೀರಿ ಅಂತ ನೋಡಿ, ಕಲಿತು, ಆಮೇಲೆ ಅವಳನ್ನು ಜಗಳೂರಿಗೆ ಕರೆದುಕೊಂಡು ಬರುತ್ತೇನೆ. ಇಲ್ಲಿ ಠಾಣೆಯ ಹಿಂದೆಯೇ ಒಂದು ಅಂಗನವಾಡಿ ಇದೆ. ಮಗು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡುತ್ತೇನೆ. ಆ ಅಂಗನವಾಡಿಯ ಟೀಚರ್‌ಗೆ ಮಕ್ಕಳೆಂದರೆ ಅಷ್ಟಕ್ಕಷ್ಟೇ ಅಂತೆ. ನನಗೆ ಅಂಥವರೇ ಬೇಕು.

ದುರ್ಗಾಂಬಿಕಾ


ಜಗಳೂರು
4 ಆಗಸ್ಟ್ 2024

ಸಾವಂತ್ರಮ್ಮ ಟೀಚರ್ ಅವರಿಗೆ,

ಗುರುವಾರ ನಾನು ಹೇಳದೆ ಕೇಳದೆ ಎದ್ದು ಹೋದೆ. ನಿಮಗೆ ಕೋಪ ಬಂದಿರಬೇಕು. ಅಲ್ಲಿ ಬಾಯಿ ಬಿಟ್ಟಿದ್ದರೆ ಅತ್ತುಬಿಡುತ್ತಿದ್ದೆ, ನಿಮ್ಮೆದುರು ಅಳುವುದು ನನಗೆ ಬೇಕಿರಲಿಲ್ಲ.

ನೀವು ನನ್ನನ್ನು ಬೇಕೆಂದೇ ನಿಮ್ಮ ಬೆನ್ನ ಹಿಂದೆ ಕೂರಿಸಿದಿರಿ. ನಿಮ್ಮ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಆದರೂ ಕಳ್ಳನ ಮೇಲೆ ಕಣ್ಣಿಟ್ಟ ಹಾಗೆ ನಿಮ್ಮ ಮೇಲೆ ಕಣ್ಣಿಟ್ಟು ಕೂತೆ. ಹಾಡು ಹೇಳಿದಿರಿ, ಅವಳು ನಿಮ್ಮ ಕೈ ನೋಡಿ ಕೈ ಆಡಿಸಿದಳು. ನೀರು ಬೇಕಾ ಅಂತ ಹೆಬ್ಬೆರಳು ಬಾಯಿಗೆ ಹಿಡಿದಿರಿ, ಎದ್ದು ಬಂದಳು. ಅವಳ ಕಣ್ಣು ನಿಮ್ಮನ್ನು ಬಿಟ್ಟು ಆಚೆ ಈಚೆ ಹೋಗುವುದಿಲ್ಲ. ನನ್ನನ್ನು ಅವಳು ಹೀಗೆ ಯಾವತ್ತೂ ನೋಡಿಲ್ಲ.

ಆಮೇಲೆ ನೀವು ಹಿಂದಿನ ಕೋಣೆಗೆ ಅಕ್ಕಿ ಅಳೆಯಲು ಹೋದಿರಿ. ಅಲ್ಲಿಂದಲೇ "ರಕ್ಷಾ, ಬಾರೇ ಇಲ್ಲಿ" ಅಂದಿರಿ. ಅವಳು ತಿರುಗಲಿಲ್ಲ. ಇನ್ನೊಂದು ಸಲ ಅಂದಿರಿ. ಊಹೂಂ. ನೀವು "ಆಟದಾಗೆ ಮುಳುಗೈತೆ" ಅಂತ ನಕ್ಕು ಸುಮ್ಮನಾದಿರಿ. ಟೀಚರ್, ಸುಳ್ಳು ಹೇಳುವುದಿಲ್ಲ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಾನು ಕರೆದರೂ ಇಲ್ಲ, ಈ ಟೀಚರ್ ಕರೆದರೂ ಇಲ್ಲ ಅಂದುಕೊಂಡೆ.

ಅಷ್ಟರಲ್ಲಿ ನಿಮ್ಮ ಸಹಾಯಕಿಯ ಕೈಯಿಂದ ಸಾರಿನ ಪಾತ್ರೆಯ ಮುಚ್ಚಳ ಜಾರಿ ಬಿತ್ತು. ಮಕ್ಕಳೆಲ್ಲ ಬೆಚ್ಚಿಬಿದ್ದು ತಿರುಗಿದರು. ಒಂದು ಮಗು ಕಿಟಾರನೆ ಕಿರುಚಿತು. ಮುಚ್ಚಳ ಬಿದ್ದದ್ದು ರಕ್ಷಾಳ ಬೆನ್ನ ಹಿಂದೆಯೇ. ಅವಳು ಮರದ ತುಂಡಿನ ಮೇಲೆ ಇನ್ನೊಂದು ತುಂಡು ಇಟ್ಟಳು. ಅದು ಅಲುಗಾಡದೆ ನಿಂತಿತು ಅಂತ ಖುಷಿಯಾಗಿ ತಲೆ ಎತ್ತಿದಳು, ಪಕ್ಕದ ಮಗು ಯಾಕೆ ಅಳುತ್ತಿದೆ ಅಂತ ಅದರ ಮುಖವನ್ನೇ ನೋಡಿದಳು.

ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ ಟೀಚರ್. ನಿಮ್ಮ ಮೇಲೆ ಪ್ರೀತಿ ಅಂತಲೂ ಅಲ್ಲ. ಅವಳಿಗೆ ಕೇಳಿಸುವುದಿಲ್ಲ.

ದುರ್ಗಾಂಬಿಕಾ


ಸಂತೇಬೆನ್ನೂರು
7 ಆಗಸ್ಟ್ 2024

ನನ್ನ ಕೂಸಿಗೆ ಕಿವುಡು ಅನ್ನಾಕೆ ನಿಮಗೆ ಬಾಯಿ ಹೆಂಗೆ ಬಂತು? ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಮಗುವಿಗೆ ಊನ ಕಟ್ಟುತ್ತೀರಾ? ಡಾಕ್ಟರು ನೋಡಿ ಬರೆದದ್ದು ಸುಳ್ಳು, ಅರ್ಧ ದಿನ ಮೂಲೆಯಲ್ಲಿ ಕೂತವರದು ನಿಜವೇ? ಜಗಳೂರಿಗೆ ಕರೆದುಕೊಂಡು ಹೋಗಬೇಕಿದ್ದರೆ ನೇರವಾಗಿ ಹೇಳಿ ಕರೆದುಕೊಂಡು ಹೋಗಿ.

ಸಾವಂತ್ರಮ್ಮ


ಸಂತೇಬೆನ್ನೂರು
10 ಆಗಸ್ಟ್ 2024

ದುರ್ಗಾಂಬಿಕಾ ಅವರಿಗೆ,

ಹಿಂದಿನ ಕಾಗದವನ್ನು ಹರಿದು ಹಾಕಿ.

ಅದನ್ನು ಅಂಚೆ ಡಬ್ಬಿಗೆ ಹಾಕಿ ಬಂದು ರಕ್ಷಾಳ ಹಿಂದೆ ನಿಂತೆ. ಚಪ್ಪಾಳೆ ತಟ್ಟಿದೆ. ತಟ್ಟೆಗೆ ಸೌಟಿನಿಂದ ಬಡಿದೆ. ಸಹಾಯಕಿ, "ಏನ್ರೀ ಟೀಚರ್, ದೆವ್ವ ಬಿಡಿಸ್ತಿದ್ದೀರಾ?" ಅಂದಳು. ರಕ್ಷಾ ತಿರುಗಲಿಲ್ಲ. ಎದುರು ಬಂದು ಕೂತೆ. ನಕ್ಕಳು. ಅವಳು ನನ್ನನ್ನೇ ನೋಡುತ್ತಾಳೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ನೋಡದಿದ್ದರೆ ಅವಳಿಗೆ ಏನೂ ತಿಳಿಯುವುದಿಲ್ಲ, ಅದಕ್ಕೆ ನೋಡುತ್ತಿದ್ದಳು.

ಇನ್ನೊಂದು ಮಾತಿದೆ. ಇದನ್ನು ಹೇಳದೆ ಇರಬಹುದಿತ್ತು, ನಿಮಗೆ ಗೊತ್ತಾಗುತ್ತಿರಲಿಲ್ಲ. ತಪಾಸಣೆಯ ದಿನ ಡಾಕ್ಟರು ರಕ್ಷಾಳನ್ನು ಗೋಡೆಯ ಕಡೆ ಕೂರಿಸಿ ಹಿಂದಿನಿಂದ ಗಿಲಕಿ ಆಡಿಸಿದರು. ಅವಳು ಅಲುಗಲಿಲ್ಲ. ನಾನು ಗೋಡೆಯ ಪಕ್ಕ ನಿಂತಿದ್ದೆ. ಮಗು ನಾಚಿಕೊಂಡಿದೆ, ಸುಮ್ಮನೆ ಏನಾದರೂ ಕೊರತೆ ಬರೆದುಕೊಂಡು ಹೋಗುತ್ತಾರೆ ಅನ್ನಿಸಿತು. ನನ್ನ ಕೇಂದ್ರದ ಮಗು ಹಿಂದೆ ಬೀಳಬಾರದು ಅಂತಲೂ ಅನ್ನಿಸಿತು. ಅವಳಿಗೆ ಗೊತ್ತಿರುವ ಒಂದು ಸನ್ನೆ ಮಾಡಿ, ಹಿಂದೆ ನೋಡು ಅಂತ ಕಣ್ಣಲ್ಲೇ ಹೇಳಿದೆ. ತಿರುಗಿದಳು. ಸರಿ ಇದೆ ಅಂತ ಬರೆದರು.

ಮೇಲ್ವಿಚಾರಕಿಗೆ ಎಲ್ಲ ಹೇಳಿದ್ದೇನೆ. ಬೈದರು, ಬೈಸಿಕೊಂಡೆ. ಸೆಪ್ಟೆಂಬರ್ ಮೂರಕ್ಕೆ ದಾವಣಗೆರೆ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ. ಮನೆಯಲ್ಲಿ ಮಗು ಹೇಗೆ ಅಂತ ಹೇಳಲು ತಾಯಿ ಬೇಕು, ಕೇಂದ್ರದಲ್ಲಿ ಹೇಗೆ ಅಂತ ಹೇಳಲು ನಾನೂ ಬರಬೇಕಂತೆ. ನಿಮಗೆ ನನ್ನ ಜೊತೆ ಬರುವುದು ಕಷ್ಟ ಅಂತ ಗೊತ್ತು. ಬನ್ನಿ.

ಸಾವಂತ್ರಮ್ಮ


ಹೊನ್ನಾಳಿ
15 ಸೆಪ್ಟೆಂಬರ್ 2024

ಟೀಚರ್ ಅವರಿಗೆ,

ಗಣಪತಿ ಬಂದೋಬಸ್ತಿಗೆ ಹೊನ್ನಾಳಿಗೆ ಹಾಕಿದ್ದಾರೆ. ಮೆರವಣಿಗೆ ಇನ್ನೂ ಹೊರಟಿಲ್ಲ, ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಎರಡೂ ಕಿವಿಗೆ ಮಷೀನ್ ಬೇಕು ಅಂತ ಕೇಳಿದಾಗ ನಿಮ್ಮ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ. ಕಾರಣ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪರೀಕ್ಷೆಗೆ ಒಳಗೆ ಕರೆಯುವ ಮೊದಲು ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದಾಗ ರಕ್ಷಾ ನನ್ನ ತೊಡೆಯಿಂದ ಇಳಿದು ನಿಮ್ಮ ತೊಡೆಗೆ ಹತ್ತಿದಳು. ಆಗಲೇ ಪರೀಕ್ಷೆ ಮಾಡುವ ಚೈತ್ರಾ ಮೇಡಂ ಬಾಗಿಲು ತೆಗೆದು ನಿಮ್ಮನ್ನು ನೋಡಿ, "ಮಗೂನ ತಾಯಿ ಒಳಗೆ ಬರ್ರಿ" ಅಂದರು. ನೀವು "ನಾನಲ್ಲ, ಇವರು" ಅಂದಿರಿ. ಸ್ವಲ್ಪ ತಡವಾಗಿ ಅಂದಿರಿ. ಒಳಗೆ ಅವರು ಕಿವಿಯ ಬಗ್ಗೆ ಏನೇನೋ ಹೇಳುವಾಗಲೂ ನನಗೆ ಆ ತಡವೇ ಕೊರೆಯುತ್ತಿತ್ತು. ಮಗಳ ಕಿವಿಯ ಸುದ್ದಿ ಕೇಳುವಾಗ ಹೀಗೆ ಯೋಚಿಸುವ ತಾಯಿ ಎಲ್ಲಾದರೂ ಇರುತ್ತಾಳೆಯೇ? ಇದ್ದಾಳೆ, ನಾನೇ.

ಚೈತ್ರಾ ಮೇಡಂ ಹೇಳಿದ್ದನ್ನು ನೀವೂ ಕೇಳಿದಿರಿ. "ಮಷೀನ್ ಹಾಕಿದ್ರೆ ಸದ್ದು ಕೇಳ್ತೈತೆ, ಮಾತು ಹಂಗೇ ಬರಲ್ಲ ರೀ. ಮನೇಲೊಂದು ಸನ್ನೆ, ಅಂಗನವಾಡೀಲೊಂದು ಸನ್ನೆ ಮಾಡಬ್ಯಾಡ್ರಿ. ಸನ್ನೆ ಮಾಡಿ, ಜೊತೆಗೆ ಬಾಯಲ್ಲೂ ಅನ್ರಿ. ಎಲ್ರೂ ಒಂದೇ ಥರ." ಹಾಗಾಗಿ ನಿಮ್ಮ ಸನ್ನೆಗಳನ್ನೆಲ್ಲ ಬರೆದು ಕಳಿಸಿ. ನನಗೂ ಅತ್ತೆಗೂ ಬೇಕು. ಕೇಳಲು ನನಗೆ ನಾಲಿಗೆ ಏಳುತ್ತಿಲ್ಲ, ಅದಕ್ಕೆ ಬರೆದು ಕೇಳುತ್ತಿದ್ದೇನೆ.

ಜಗಳೂರಿಗೆ ಕರೆದುಕೊಂಡು ಬರುವ ಮಾತು ಸದ್ಯಕ್ಕೆ ಬೇಡ.

ದುರ್ಗಾಂಬಿಕಾ


ಸಂತೇಬೆನ್ನೂರು
5 ಅಕ್ಟೋಬರ್ 2024

ದುರ್ಗಾಂಬಿಕಾ ಅವರಿಗೆ,

ಮಷೀನ್ ಬಂತು, ಹಾಕಿದ್ದೇವೆ. ಮೊದಲ ದಿನ ಕಿತ್ತು ಬಿಸಾಡಿದಳು. ಈಗ ಊಟದವರೆಗೆ ಇಟ್ಟುಕೊಳ್ಳುತ್ತಾಳೆ.

ಸನ್ನೆಗಳು ಹೀಗಿವೆ. ನೀರಿಗೆ ಹೆಬ್ಬೆರಳು ಬಾಯಿಗೆ. ಊಟಕ್ಕೆ ಐದೂ ಬೆರಳು ಕೂಡಿಸಿ ಬಾಯಿಗೆ. ಮಲಗಲು ಅಂಗೈ ಕೆನ್ನೆಗೆ. ಸಾಕು ಅನ್ನಲು ಎರಡೂ ಕೈ ಝಾಡಿಸುವುದು. ಹೊರಗೆ ಹೋಗಲು ಚಪ್ಪಲಿಯ ಕಡೆ ಬೆರಳು. ಅಜ್ಜಿಗೆ ಸೆರಗು ತಲೆಯ ಮೇಲೆ ಎಳೆದ ಹಾಗೆ. ಅಪ್ಪನಿಗೆ ಟ್ರ್ಯಾಕ್ಟರಿನ ಸ್ಟೇರಿಂಗ್ ತಿರುಗಿಸಿದ ಹಾಗೆ. ನಿಮಗೆ ಇದುವರೆಗೆ ಯಾವ ಸನ್ನೆಯೂ ಇರಲಿಲ್ಲ. ತಲೆಗೆ ಟೋಪಿ ಇಟ್ಟ ಹಾಗೆ ಮಾಡಿ ನಿಮ್ಮ ಫೋಟೊ ತೋರಿಸಿದ್ದೇನೆ. ಕಲಿತಿದ್ದಾಳೆ.

ಎಲ್ಲ ಇಷ್ಟೇ.

ಸಾವಂತ್ರಮ್ಮ


ಜಗಳೂರು
13 ಅಕ್ಟೋಬರ್ 2024

ಟೀಚರ್ ಅವರಿಗೆ,

ಟೋಪಿಗೆ ನಿಮ್ಮ ಋಣ ಹೇಗೆ ತೀರಿಸಲಿ? ಮೊನ್ನೆ ಬಂದಾಗ ರಕ್ಷಾ ಅದನ್ನು ಮಾಡಿ ತೋರಿಸಿದಳು. ಬಚ್ಚಲಿಗೆ ಹೋಗಿ ಅತ್ತು ಬಂದೆ.

ಆದರೆ ಎಲ್ಲ ಇಷ್ಟೇ ಅಂತ ಬರೆದಿದ್ದೀರಿ, ಅದು ಸುಳ್ಳು. ನೀವು ಕಳಿಸಿದ್ದರಲ್ಲಿ ನೀರಿದೆ, ಊಟವಿದೆ, ಅಜ್ಜಿ ಇದ್ದಾರೆ. 'ಬಾ' ಅನ್ನುವುದು ಎಲ್ಲಿ? ಬಾಗಿಲಲ್ಲಿ ನನ್ನ ಕೈ ಕೊಡವಿಕೊಂಡು ಅವಳು ಓಡಿದ್ದು ಯಾವುದನ್ನು ನೋಡಿ? ಡಾಕ್ಟರು ಗಿಲಕಿ ಆಡಿಸಿದಾಗ ಗೋಡೆಯ ಪಕ್ಕ ನಿಂತು ನೀವು ಮಾಡಿದ್ದು ಯಾವುದು? ನೀವು ನನಗೆ ಬೆನ್ನು ಹಾಕಿ ಕೂತಿದ್ದು ಯಾಕೆ ಅಂತ ಈಗ ತಿಳಿಯಿತು.

ಅದೊಂದನ್ನು ನಿಮಗೇ ಇಟ್ಟುಕೊಂಡಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಇಟ್ಟುಕೊಳ್ಳುತ್ತಿದ್ದೆ. ಆದರೂ ಕೊಡಿ.

ದುರ್ಗಾಂಬಿಕಾ


ಸಂತೇಬೆನ್ನೂರು
21 ಅಕ್ಟೋಬರ್ 2024

ದುರ್ಗಮ್ಮನವರಿಗೆ,

ಪೊಲೀಸರ ಕೈಗೆ ಸಿಕ್ಕಿಬಿದ್ದೆ.

ಎರಡೂ ಕೆನ್ನೆ ಬಲೂನಿನ ಹಾಗೆ ಉಬ್ಬಿಸಬೇಕು. ಎರಡೂ ತೋರುಬೆರಳಿನಿಂದ ಚುಚ್ಚಿ ಟಪ್ ಅಂತ ಒಡೆಯಬೇಕು. ಆಮೇಲೆ ಕೈ ಚಾಚಬೇಕು. ಅಷ್ಟೇ. ಅವಳು ಮೊದಲು ಬಂದಾಗ ಬಾಗಿಲು ಬಿಟ್ಟು ಒಳಗೆ ಬರುತ್ತಿರಲಿಲ್ಲ. ಒಂದು ದಿನ ಸುಮ್ಮನೆ ಆಟಕ್ಕೆ ಮಾಡಿದೆ, ಓಡಿ ಬಂದು ನನ್ನ ಕೆನ್ನೆ ಮುಟ್ಟಿ ನೋಡಿದಳು. ಆವತ್ತಿನಿಂದ ನಡೆದು ಬಂದಿದೆ. ಬೇರೆ ಮಕ್ಕಳಿಗೆ ನಾನು ಇದನ್ನು ಮಾಡುವುದಿಲ್ಲ.

ಕೂತು ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ನನ್ನ ಮಕ್ಕಳು ದೊಡ್ಡವರಾಗಿ ಅವರ ದಾರಿ ಹಿಡಿದಿದ್ದಾರೆ. ಇಲ್ಲಿ ಬರುವ ಮಕ್ಕಳು ಶಾಲೆಗೆ ಸೇರಿದ ವರ್ಷವೇ ನನ್ನನ್ನು ಮರೆತು ಬೀದಿಯಲ್ಲಿ ಕಂಡರೂ ಸುಮ್ಮನೆ ಹೋಗುತ್ತವೆ. ಒಂದು ಮಗುವಿಗಾದರೂ ನಾನು ಬೇಕು ಅಂತ ಅನ್ನಿಸಿತ್ತು. ಅದು ನಿಮ್ಮ ಮಗುವಾಯಿತು.

ಕೆನ್ನೆ ಒಡೆಯುವಾಗ ಹೆಸರನ್ನೂ ಕೂಗಿ. ಮಷೀನ್ ಹಾಕಿದ್ದಾಳೆ.

ಸಾವಂತ್ರಮ್ಮ


ಜಗಳೂರು
4 ನವೆಂಬರ್ 2024

ಟೀಚರ್ ಅವರಿಗೆ,

ದೀಪಾವಳಿಗೆ ಒಂದೇ ದಿನ ಬಂದು ಹೋದೆ, ನೀವು ನಲ್ಲೂರಿಗೆ ತಂಗಿಯ ಮನೆಗೆ ಹೋಗಿದ್ದಿರಂತೆ.

ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡಿಕೊಂಡು ಬಂದೆ. ಎದುರು ಕೂತ ಮುದುಕರು, "ಹಲ್ಲು ನೋವೇನವ್ವಾ?" ಅಂತ ಕೇಳಿದರು. ಮನೆಯ ಬಾಗಿಲಲ್ಲಿ ನಿಂತೆ. ರಕ್ಷಾ ತಲೆ ಎತ್ತಿದಳು. ಕೆನ್ನೆ ಉಬ್ಬಿಸಿ, ಒಡೆದು, ಹೆಸರು ಕೂಗಿ, ಕೈ ಚಾಚಿದೆ.

ಓಡಿ ಬಂದಳು ಟೀಚರ್. ಆಹಾ, ಅವಳು ಹಾಗೆ ಓಡಿ ಬರುವುದನ್ನು ನಾನು ಎದುರಿನಿಂದ ನೋಡಿರಲೇ ಇಲ್ಲ. ಬಂದವಳು ನನ್ನ ಕೈಗೆ ಸಿಗಲಿಲ್ಲ. ಪಕ್ಕದಲ್ಲಿ ನುಸುಳಿ ಬಾಗಿಲಾಚೆ ಹೋಗಿ ಬೀದಿಯ ಎರಡೂ ಕಡೆ ನೋಡಿದಳು. ನಿಮ್ಮನ್ನು ಹುಡುಕುತ್ತಿದ್ದಳು. ಆ ಸನ್ನೆ ಇದ್ದಲ್ಲಿ ನೀವಿರಬೇಕು, ನಾನು ಸುಮ್ಮನೆ ನಡುವೆ ನಿಂತವಳು. ಅತ್ತೆ ಹೋಗಿ ಅವಳನ್ನು ಎತ್ತಿಕೊಂಡು ಬಂದರು.

ನೀವು ಕೊಟ್ಟದ್ದು ಖಾಲಿ ಕೈ. ತಪ್ಪು ನಿಮ್ಮದಲ್ಲ ಅಂತ ಗೊತ್ತು. ಆದರೂ ಬರೆದಿದ್ದೇನೆ.

ದುರ್ಗಾಂಬಿಕಾ


ಸಂತೇಬೆನ್ನೂರು
12 ನವೆಂಬರ್ 2024

ದುರ್ಗಮ್ಮ,

ಸೋಮವಾರದಿಂದ ನಾನು ಅದನ್ನು ಮಾಡುತ್ತಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಾಳೆ. ನಾನು ಹಾಜರಿ ಹಾಕುತ್ತಾ ತಲೆ ತಗ್ಗಿಸುತ್ತೇನೆ. ಸಹಾಯಕಿ ಕೈ ಹಿಡಿದು ಒಳಗೆ ತರುತ್ತಾಳೆ. ಸ್ವಲ್ಪ ದಿನ ಹೀಗಿದ್ದರೆ ಮರೆಯುತ್ತಾಳೆ. ಆಮೇಲೆ ಅದು ನಿಮ್ಮೊಬ್ಬರದೇ ಆಗುತ್ತದೆ. ಮುಂದಿನ ಸಲ ನೀವು ಮಾಡಿದಾಗ ಬೀದಿ ನೋಡುವುದಿಲ್ಲ.

ನೀವು ಕೇಳದೆಯೇ ಕೊಡುತ್ತಿರುವುದು ಇದೊಂದು. ನನಗೆ ಸುಲಭವಾಗಿದೆ ಅಂತ ತಿಳಿಯಬೇಡಿ.

ಸಾವಂತ್ರಮ್ಮ


ಜಗಳೂರು
24 ನವೆಂಬರ್ 2024

ಸಾವಂತ್ರಮ್ಮನವರಿಗೆ,

ನಿಮ್ಮ ಕಾಗದ ಓದಿ ಮೊದಲು ಖುಷಿಪಟ್ಟೆ. ಅದನ್ನು ಮುಚ್ಚಿಡುವುದಿಲ್ಲ. ಗೆದ್ದೆ ಅಂದುಕೊಂಡೆ. ನಿನ್ನೆ ಊರಿಗೆ ಬಂದೆ, ನಿಮ್ಮನ್ನು ನೋಡದೆ ಹೋದೆ.

ಬಾಗಿಲಲ್ಲಿ ನಿಂತು ಕೆನ್ನೆ ಉಬ್ಬಿಸಿದೆ, ಒಡೆದೆ, ಹೆಸರು ಕೂಗಿದೆ. ನೀವು ಹೇಳಿದ ಹಾಗೇ ಆಯಿತು. ಬೀದಿ ನೋಡಲಿಲ್ಲ. ನನ್ನ ಹತ್ತಿರವೂ ಬರಲಿಲ್ಲ. ಒಂದು ಸಲ ನನ್ನ ಮುಖ ನೋಡಿ, ಗೋಡೆಯ ಕಡೆ ತಿರುಗಿ ಕೂತಳು. ಅತ್ತೆ ಹೇಳಿದರು: "ಹತ್ತು ದಿನದಿಂದ ಹಿಂಗೇ ಐತೆ. ಮನೆಗೆ ಬಂದು ಕಂಬದ ಮುಂದೆ ನಿಂತು ಕೆನ್ನೆ ಉಬ್ಬಿಸ್ತೈತೆ, ಎಮ್ಮೆ ಮುಂದೆ ನಿಂತು ಉಬ್ಬಿಸ್ತೈತೆ. ಯಾರೂ ಬರಲ್ಲ. ಮಷೀನೂ ಕಿತ್ತು ಒಗೀತೈತೆ." ಚೈತ್ರಾ ಮೇಡಂಗೆ ಫೋನ್ ಮಾಡಿದೆ. ನಮ್ಮಿಬ್ಬರ ಕಥೆ ಕೇಳಿ, "ಕರೆಯೋರೇ ಕಡಿಮೆ ಆದ್ರೆ ಅದು ಕೇಳಾಕೆ ಯಾಕೆ ಕಲೀಬೇಕು ರೀ?" ಅಂದರು.

ಅವಳು ಸನ್ನೆ ಮರೆಯುತ್ತಿಲ್ಲ ಸಾವಂತ್ರಮ್ಮ. ಕರೆದರೆ ಹೋಗಬೇಕು ಅನ್ನುವುದನ್ನೇ ಮರೆಯುತ್ತಿದ್ದಾಳೆ.

ಅವಳು ನಿಮ್ಮ ಕಡೆ ಓಡುವುದನ್ನು ನೋಡಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಇನ್ನು ಮುಂದೆಯೂ ಆಗುತ್ತದೆ ಅಂತ ಅನ್ನಿಸುವುದಿಲ್ಲ. ನಾನು ಇಲ್ಲಿ ಜಗಳೂರಿನಲ್ಲಿ ಕೂತು ಹೊಟ್ಟೆ ಉರಿದುಕೊಳ್ಳುತ್ತೇನೆ, ಅದು ನನ್ನ ಪಾಡು. ಈ ಕಾಗದ ಕೈಗೆ ಬಂದ ಮಾರನೆ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತಾಗ ನೀವು ತಲೆ ತಗ್ಗಿಸಬೇಡಿ. ಕರೆಯಿರಿ.

ದುರ್ಗಾಂಬಿಕಾ